ಬರೆಯುವ ಫೋಲ್ಡರಿಗೆ 777 ಯಾಕೆ ಪರಿಹಾರವಲ್ಲ

ಶಿರಸಿಯಲ್ಲಿ ಅಡಿಕೆ ವಹಿವಾಟಿನ ಒಂದು ಲಾರಾವೆಲ್ (ಪಿಎಚ್‌ಪಿ ಭಾಷೆಯ ಚೌಕಟ್ಟು) ಅಪ್ಲಿಕೇಶನ್ ನೋಡಿಕೊಳ್ಳುತ್ತೇನೆ. ಚಾಲಿ, ರಾಶಿ, ಬೆಟ್ಟೆ ಲಾಟುಗಳ ಫೋಟೊ ಅದಕ್ಕೆ ಏರುತ್ತವೆ. ಸರ್ವರ್ ಉಬುಂಟು, ಪಿಎಚ್‌ಪಿ ಓಡುವುದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಹೆಸರಿನಲ್ಲಿ (ಮುಂದೆ ಬರೀ ಡೇಟಾ ಎನ್ನುತ್ತೇನೆ), ಕೋಡ್ ಏರಿಸುವುದು ಡಿಪ್ಲಾಯ್ ಎಂಬ ಬಳಕೆದಾರ. ಅಪ್ಲಿಕೇಶನ್‌ಗೆ ಬರೆಯಲು ಬೇಕಾದ್ದು ಎರಡೇ ಜಾಗ: ಸ್ಟೋರೇಜ್, ಮತ್ತೆ ಬೂಟ್‌ಸ್ಟ್ರ್ಯಾಪ್ ಒಳಗಿನ ಕ್ಯಾಶೆ. ಉಳಿದ ಕೋಡನ್ನು ಡೇಟಾ ಓದಿದರೆ ಸಾಕು, ಬರೆಯಲು ಸಿಗಲೇಬಾರದು.

ಹಕ್ಕಿನ ಮೂರು ಅಂಕಿ ಕ್ರಮವಾಗಿ ಒಡೆಯ, ಗುಂಪು, ಉಳಿದವರದು; ಓದಲು 4, ಬರೆಯಲು 2, ಓಡಿಸಲು 1, ಇವುಗಳ ಮೊತ್ತ. ‘ಪರ್ಮಿಷನ್ ಡಿನೈಡ್’ (ಹಕ್ಕಿಲ್ಲ) ಕಂಡ ಕೂಡಲೇ ಹಕ್ಕು ಬದಲಿಸುವ ಚ್‌ಮಾಡ್ ಕಮಾಂಡಿನಿಂದ 777 ಹೊಡೆದರೆ ಸರ್ವರ್‌ನಲ್ಲಿರುವ ಯಾರು ಬೇಕಾದರೂ ಅಲ್ಲಿ ಬರೆಯಬಹುದು. ಅಷ್ಟು ಬಾಗಿಲು ತೆರೆದರೂ ತೊಂದರೆ ಹೋಗುವುದಿಲ್ಲ, ಏಕೆಂದರೆ ಚ್‌ಮಾಡ್ ತಾಗುವುದು ಈಗಿರುವ ಫೈಲುಗಳಿಗೆ ಮಾತ್ರ. ದಿನಕ್ಕೊಂದು ಲಾಗ್ ಫೈಲ್ ಇಟ್ಟುಕೊಂಡಿದ್ದೀರಿ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ರೂಟ್ (ಎಲ್ಲ ಹಕ್ಕೂ ಇರುವ ಬಳಕೆದಾರ) ಹೆಸರಿನಲ್ಲಿ ಓಡುತ್ತಿದೆ ಎಂದುಕೊಳ್ಳಿ. ಮಧ್ಯರಾತ್ರಿ ಕಳೆದು ಆ ದಿನದ ಮೊದಲ ಸಾಲನ್ನು ಕ್ರಾನ್ ಬರೆದರೆ ಹೊಸ ಫೈಲಿನ ಒಡೆಯ ರೂಟ್, ಪರ್ಮಿಷನ್ 644. ಬೆಳಿಗ್ಗೆ ಟೆಂಡರ್ ಹೊತ್ತಿಗೆ ಡೇಟಾ ಅದೇ ಫೈಲಿಗೆ ಬರೆಯಲು ಹೋಗಿ ಸೋಲುತ್ತದೆ, ಪುಟ 500 (ಸರ್ವರ್ ದೋಷ) ತೋರಿಸುತ್ತದೆ. ಹೊರಗಿನ ಫೋಲ್ಡರ್ 777 ಇದ್ದರೂ ಇದೇ ಕಥೆ. ಆದ್ದರಿಂದ ನಾನು ಲಾರಾವೆಲ್ ಶೆಡ್ಯೂಲರ್ ಓಡಿಸುವ ಸಾಲನ್ನು ರೂಟ್‌ನ ಕ್ರಾನ್‌ಟ್ಯಾಬ್‌ನಿಂದ (ಕ್ರಾನ್ ಕೆಲಸಗಳ ಪಟ್ಟಿ) ತೆಗೆದು ಡೇಟಾದ ಕ್ರಾನ್‌ಟ್ಯಾಬ್‌ಗೆ ಹಾಕುತ್ತೇನೆ.

ಇನ್ನು ಒಡೆತನ. ಎಲ್ಲವೂ ಡಿಪ್ಲಾಯ್‌ನದು, ಗುಂಪು ಡೇಟಾ. ಕೋಡ್ ಫೋಲ್ಡರಿಗೆ 750, ಫೈಲಿಗೆ 640. ಪಾಸ್‌ವರ್ಡ್ ಇರುವ ಡಾಟ್-ಎನ್ವ್ ಎಂಬ ಸೆಟ್ಟಿಂಗ್ ಫೈಲ್ ಕೂಡ 640. ಬರೆಯುವ ಎರಡು ಜಾಗದಲ್ಲಿ ಫೋಲ್ಡರಿಗೆ 2770, ಫೈಲಿಗೆ 660. ಒಂದೇ ಸಂಖ್ಯೆಯನ್ನು ಮೇಲಿಂದ ಕೆಳತನಕ ಹೊಡೆಯಬೇಡಿ: ಫೋಲ್ಡರಿಗೆ 660 ಬಿದ್ದರೆ ಎಕ್ಸ್ (ಓಡಿಸುವ ಹಕ್ಕು, ಫೋಲ್ಡರಿಗಾದರೆ ಒಳಹೋಗುವ ಹಕ್ಕು) ಹೋಗಿ ಒಳಗೆ ಕಾಲಿಡಲೂ ಆಗುವುದಿಲ್ಲ. ಫೈಂಡ್ ಕಮಾಂಡಿನಲ್ಲಿ ಟೈಪ್ ಡಿ (ಫೋಲ್ಡರ್), ಟೈಪ್ ಎಫ್ (ಫೈಲ್) ಬೇರೆ ಮಾಡಿಯೇ ಕೊಡಬೇಕು.

2770ರ ಮೊದಲ ಅಂಕಿ 2 ಎಂದರೆ ಸೆಟ್‌ಜಿಐಡಿ ಎಂಬ ಗುರುತು. ಅದಿದ್ದರೆ ಒಳಗೆ ಹುಟ್ಟುವ ಫೈಲಿಗೆ ಫೋಲ್ಡರಿನ ಗುಂಪೇ ಬರುತ್ತದೆ. ಎಲ್‌ಎಸ್‌ನಲ್ಲಿ ಗುಂಪಿನ ಎಕ್ಸ್ ಜಾಗದಲ್ಲಿ ಚಿಕ್ಕ ಎಸ್ ಕಾಣಬೇಕು. ದೊಡ್ಡ ಎಸ್ ಕಂಡರೆ ಅಡಿಯಲ್ಲಿ ಎಕ್ಸ್ ಇಲ್ಲವೆಂದೇ ಅರ್ಥ.

ಗುಂಪು ಬಂದ ಮಾತ್ರಕ್ಕೆ ಗುಂಪು ಬರೆಯಬಲ್ಲದು ಎಂದಲ್ಲ. ಯುಮಾಸ್ಕ್ (ಹೊಸ ಫೈಲಿನಿಂದ ಕಳೆಯುವ ಹಕ್ಕು) 022 ಇದ್ದರೆ ಹೊಸ ಫೈಲ್ 644 ಆಗಿಯೇ ಹುಟ್ಟುತ್ತದೆ. ಇಲ್ಲಿ ಡಿಫಾಲ್ಟ್ ಎಸಿಎಲ್ (ಬಳಕೆದಾರರ ಹೆಸರಿಟ್ಟು ಹಕ್ಕು ಕೊಡುವ ಪಟ್ಟಿ) ಬೇಕು. ಸೆಟ್‌ಎಫ್‌ಎಸಿಎಲ್‌ನಿಂದ ಡೇಟಾ, ಡಿಪ್ಲಾಯ್ ಇಬ್ಬರಿಗೂ ಆರ್ (ಓದು), ಡಬ್ಲ್ಯೂ (ಬರೆ), ದೊಡ್ಡ ಎಕ್ಸ್ ಕೊಟ್ಟು, ಅದನ್ನೇ ಡ್ಯಾಶ್-ಡಿ ಸೇರಿಸಿ ಎರಡನೇ ಸಲ ಓಡಿಸುತ್ತೇನೆ. ಮೊದಲನೆಯದು ಈಗಿರುವ ಫೈಲುಗಳಿಗೆ, ಎರಡನೆಯದು ಹುಟ್ಟುವವಕ್ಕೆ. ಬಹಳ ಜನ ಎರಡನೆಯದನ್ನು ಮರೆಯುತ್ತಾರೆ. ದೊಡ್ಡ ಎಕ್ಸ್ ಹಾಕುವುದು ಫೋಟೊ ಫೈಲುಗಳಿಗೆ ಓಡುವ ಹಕ್ಕು ಹೊಸದಾಗಿ ಬರದಿರಲಿ ಎಂದು. ಎಸಿಎಲ್ ಹಾಕಿದ ಮೇಲೆ ಚ್‌ಮಾಡ್‌ನ ನಡುವಿನ ಅಂಕಿ ಮಾಸ್ಕ್ (ಎಸಿಎಲ್ ಹಕ್ಕಿನ ಮೇಲ್ಮಿತಿ) ಆಗುತ್ತದೆ. ಆಮೇಲೆ 640 ಕೊಟ್ಟರೆ ಡೇಟಾದ ಬರೆಯುವ ಹಕ್ಕು ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ. ಚ್‌ಮಾಡ್ ಮೊದಲು, ಎಸಿಎಲ್ ಆಮೇಲೆ. ಬೇರೆ ಕಡೆಯಿಂದ ಎಂವಿ (ಜಾಗ ಬದಲಿಸುವ ಕಮಾಂಡ್) ಮಾಡಿ ತಂದ ಫೈಲು ಹಳೆಯ ಹಕ್ಕನ್ನೇ ಹೊತ್ತು ತರುತ್ತದೆ ಎಂಬುದೂ ನೆನಪಿರಲಿ.

ಎಲ್ಲ ಸರಿಯಿದ್ದೂ ಆಗದಿದ್ದರೆ ಮೇಲಿನ ಫೋಲ್ಡರುಗಳನ್ನು ನೋಡಿ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್ 750. ಕೋಡ್ ಅದರೊಳಗಿದ್ದರೆ ಡೇಟಾ ಬಾಗಿಲಲ್ಲೇ ನಿಲ್ಲುತ್ತದೆ. ನೇಮ್‌ಐ ಡ್ಯಾಶ್-ಎಲ್ ಪೂರ್ತಿ ದಾರಿಯ ಹಕ್ಕನ್ನು ಸಾಲುಸಾಲಾಗಿ ತೋರಿಸುತ್ತದೆ. ಫೋಟೊ ಬೀಳುವ ಜಾಗದಲ್ಲಿ ಪಿಎಚ್‌ಪಿ ಓಡದಂತೆ ವೆಬ್ ಸರ್ವರ್‌ನಲ್ಲೂ ತಡೆ ಹಾಕಬೇಕು. ಬರೆಯಬಲ್ಲ ಜಾಗದಲ್ಲಿ ಕೋಡ್ ಓಡಿದರೆ ಮೇಲಿನ ಕೆಲಸವೆಲ್ಲ ವ್ಯರ್ಥ.

ಕೊನೆಗೆ ಸುಡೊ ಡ್ಯಾಶ್-ಯು ಡೇಟಾ (ಡೇಟಾದ ಹೆಸರಿನಲ್ಲಿ ಓಡಿಸು ಎಂದು) ಕೊಟ್ಟು ಸ್ಟೋರೇಜ್‌ನಲ್ಲಿ ಒಂದು ಫೈಲ್ ಹುಟ್ಟಿಸಿ, ಡಿಪ್ಲಾಯ್‌ನಿಂದ ಅದಕ್ಕೆ ಒಂದು ಸಾಲು ಸೇರಿಸುತ್ತೇನೆ. ಆಮೇಲೆ ಅದೇ ಪರೀಕ್ಷೆ ತಿರುವುಮುರುವಾಗಿ. ಎರಡೂ ಕಡೆಯ ಸಾಲು ಬಿದ್ದರೆ ಫೈಲುಗಳನ್ನು ಅಳಿಸಿ ಮೇಲೇಳುತ್ತೇನೆ.