ಎಕ್ಸಾಸ್ಟ್‌ಗೆ ರ‍್ಯಾಪ್ ಸುತ್ತುವುದು ಹೇಗೆ? ಹೆಂಚು ಹೊದಿಸಿದ ಹಾಗೆ, ಕೆಳಗಿನಿಂದ ಮೇಲಕ್ಕೆ

ಕಳೆದ ತಿಂಗಳು ದಾವಣಗೆರೆಯಲ್ಲಿ ಒಂದು ಹಳೆಯ ಹೋಂಡಾ ಸಿಟಿ ವಿಟೆಕ್ ಕಾರಿನ ಬಾನೆಟ್ ಎತ್ತಿ ನೋಡಿದೆ. ಹೆಡರ್ ಪೈಪುಗಳಿಗೆ, ಅಂದರೆ ಎಂಜಿನ್ನಿನಿಂದ ಹೊಗೆ ಹೊರತರುವ ಎಕ್ಸಾಸ್ಟ್‌ನ ಮೊದಲ ಪೈಪುಗಳಿಗೆ, ಶಾಖ ತಡೆಯುವ ಪಟ್ಟಿಯ ಹೊಸ ರ‍್ಯಾಪ್ ಸುತ್ತಿದ್ದರು. ನೋಡಲು ಚೆಂದವೇ ಇತ್ತು. ಆದರೆ ಆಕ್ಸಿಜನ್ ಸೆನ್ಸರ್ ವೈರನ್ನೂ ಪೈಪಿನ ಜೊತೆಗೇ ಪಟ್ಟಿಯೊಳಗೆ ಸೇರಿಸಿ ಸುತ್ತಿಬಿಟ್ಟಿದ್ದರು. ಬಿಚ್ಚಿದಾಗ ವೈರಿನ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಕರಗಿ ಪೈಪಿಗೆ ಅಂಟಿಕೊಂಡಿತ್ತು. ಒಳಗಿನ ತಾಮ್ರದ ಎಳೆಗಳು ಬರಿದಾಗಿ ಕಾಣುತ್ತಿದ್ದವು. "ಒಂದೇ ತಾಸಲ್ಲಿ ಸುತ್ತಿ ಕೊಟ್ರು ಅಣ್ಣ" ಅಂದ ಕಾರಿನ ಹುಡುಗ. ಒಂದು ತಾಸಿನಲ್ಲಿ ಆಗುವ ಕೆಲಸವೇ ಅಲ್ಲ ಇದು. ಅರ್ಧ ದಿನ ಇಟ್ಟುಕೊಳ್ಳಿ.

ನಮ್ಮೂರಿನ ಮಂಡಕ್ಕಿ ಭಟ್ಟಿಯ ಹತ್ತಿರ ನಿಂತವರಿಗೆ ಝಳ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. ಬೆಂಕಿ ಮುಟ್ಟದೇ ಇದ್ದರೂ ಮುಖ ಸುಡುತ್ತದೆ. ಬಾನೆಟ್ ಒಳಗೂ ಇದೇ ಕಥೆ. ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಯಂತ್ರ) ಇರುವ ಪೆಟ್ರೋಲ್ ಎಂಜಿನ್ನನ್ನು ಜೋರಾಗಿ ಓಡಿಸಿದರೆ ಹೊರಬರುವ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದ ಕಡೆಯಿಂದ ಹೆದ್ದಾರಿ 48ರಲ್ಲಿ ಬಂದು ಟೋಲ್ ಸಾಲಿನಲ್ಲಿ ನಿಂತಿರಿ ಅನ್ನಿ. ಗಾಳಿಯ ಓಟ ನಿಂತ ಕೂಡಲೇ ಆ ಝಳವೆಲ್ಲ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಪೈಪಿಗೆ, ವೈರುಗಳಿಗೆ, ಬ್ಯಾಟರಿಗೆ ಬಡಿಯುತ್ತದೆ. ಎಂಜಿನ್ ಎಳೆದುಕೊಳ್ಳುವ ಗಾಳಿ 10 ಡಿಗ್ರಿ ಜಾಸ್ತಿ ಕಾದರೆ ಅದರ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ. ಕಾರು ಮಂಕಾಗುವುದು ಅದಕ್ಕೇ.

ರ‍್ಯಾಪ್ ಸುತ್ತಿದರೆ ಶಾಖ ಮಾಯವಾಗುವುದಿಲ್ಲ. ಬಾನೆಟ್ ಒಳಗೆ ಹರಡುವ ಬದಲು ಪೈಪಿನೊಳಗೇ ಉಳಿದು ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಪೈಪಿನ ಲೋಹ ಮೊದಲಿಗಿಂತ ಜಾಸ್ತಿ ಕಾಯುತ್ತದೆ. ಇದನ್ನು ಮರೆತವರೇ ಪೈಪ್ ಸೀಳಿಸಿಕೊಳ್ಳುವುದು.

ಹಂತ 1: ರ‍್ಯಾಪೋ, ಕೋಟಿಂಗೋ?

ದಿನಾ ಆಫೀಸಿಗೆ ಓಡಿಸುವ ಕಾರಿಗೆ ಸೆರಾಮಿಕ್ ಕೋಟಿಂಗೇ (ಶಾಖ ತಡೆಯುವ ಲೇಪ) ಮಾಡಿಸಿ. ಸಾದಾ ಉಕ್ಕಿನ ಪೈಪಾದರಂತೂ ರ‍್ಯಾಪ್ ಬೇಡವೇ ಬೇಡ. ಮಳೆ ನೀರು ಪಟ್ಟಿಯೊಳಗೆ ಕೂತು, ಬಿಸಿಯೂ ಸೇರಿ, ಪೈಪ್ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹೆಡರ್ ಜಾಗದಲ್ಲಿ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಇದ್ದರೆ ಬಿರುಕು ಬಿಡಬಹುದು. ಸ್ಟೇನ್‌ಲೆಸ್ ಹೆಡರ್ ಇರುವ, ವಾರಕ್ಕೊಮ್ಮೆ ಹೊರಗೆ ತೆಗೆಯುವ ಅಥವಾ ರ‍್ಯಾಲಿಗೆ ಹೋಗುವ ಕಾರಿಗೆ ಮಾತ್ರ ರ‍್ಯಾಪ್ ಅನ್ನುವುದು ನನ್ನ ಖಚಿತ ಮಾತು. ಹೆಡರ್ ಹೊಸದಾಗಿದ್ದರೆ ವಾರಂಟಿ ಕಾಗದ ಓದಿ. ರ‍್ಯಾಪ್ ಸುತ್ತಿದರೆ ವಾರಂಟಿ ಇಲ್ಲ ಅಂತ ಎಷ್ಟೋ ಕಂಪನಿಗಳು ಬರೆದೇ ಕೊಡುತ್ತವೆ.

ಕೋಟಿಂಗ್ ಅಂದರೆ ಪೈಪ್ ಬಿಚ್ಚಿ, ಸ್ಯಾಂಡ್ ಬ್ಲಾಸ್ಟ್ ಮಾಡಿ, ಜಿಡ್ಡು ತೆಗೆದು, ಒಳಗೂ ಹೊರಗೂ ಸಿಂಪಡಿಸಿ, ಆಮೇಲೆ ಹದ ಮಾಡುವ ಕೆಲಸ. ಕೆಲವಕ್ಕೆ ಓವನ್ ಬೇಕು. ಮನೆಯಲ್ಲಿ ಆಗದು. ಅಂಗಡಿಯಲ್ಲಿ ಸಿಗುವ ಬೆಳ್ಳಿ ಬಣ್ಣದ ಸೈಲೆನ್ಸರ್ ಪೇಂಟ್ ಡಬ್ಬಿಯನ್ನೇ 'ಸೆರಾಮಿಕ್' ಅಂತ ಹೊಡೆದು ದುಡ್ಡು ತೆಗೆದುಕೊಳ್ಳುವವರಿದ್ದಾರೆ. ಅದು ತುಕ್ಕು ತಡೆಯುತ್ತದೆ ಅಷ್ಟೇ, ಶಾಖ ತಡೆಯುವುದಿಲ್ಲ. ಬ್ಲಾಸ್ಟಿಂಗ್ ಮಾಡುತ್ತೀರಾ, ಒಳಗೂ ಹೊಡೆಯುತ್ತೀರಾ ಅಂತ ಎರಡು ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ಹಂತ 2: ಯಾವುದಕ್ಕೆ ಸುತ್ತಬಾರದು

ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅಲುಗಾಡುವ ಜಾಲರಿ ಪೈಪ್, ಸೆನ್ಸರ್, ಅದರ ವೈರು. ಟರ್ಬೊದಲ್ಲಿ ಬೇರಿಂಗ್ ಇರುವ ನಡುಭಾಗ ಯಾವತ್ತೂ ಬೇಡ. ಅಲ್ಲಿ ಆಯಿಲ್ ಹರಿಯುತ್ತದೆ. ಬಿಸಿ ಹೊರಹೋಗದಿದ್ದರೆ ಆಯಿಲ್ ಸುಟ್ಟು ಕರಕಾಗುತ್ತದೆ. ಹೊಗೆ ಹೊಕ್ಕು ತಿರುಗಿಸುವ ಟರ್ಬೈನ್ ಕಡೆಗೆ ಟರ್ಬೊ ಬ್ಲ್ಯಾಂಕೆಟ್ ಅಂತ ಬೇರೆಯೇ ಹೊದಿಕೆ ಬರುತ್ತದೆ.

ಎಂಜಿನ್ನಿನಲ್ಲಿ ಎಲ್ಲಾದರೂ ಆಯಿಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್‌ನಿಂದ ಒಂದೊಂದೇ ಹನಿ ಬಿದ್ದರೂ ರ‍್ಯಾಪ್ ಅದನ್ನು ಬತ್ತಿಯ ಹಾಗೆ ಹೀರಿಕೊಳ್ಳುತ್ತದೆ. ಆಯಿಲ್ ಕುಡಿದ ಬತ್ತಿ ಕೆಂಡದಂಥ ಪೈಪಿನ ಮೇಲೆ ಕೂತರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಹಂತ 3: ಪೈಪ್ ಬಿಚ್ಚಿ, ತಂತಿ ಬ್ರಶ್‌ನಿಂದ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ಒಣಗಿಸಿ. ಕಾರಿನ ಮೇಲೆಯೇ ಸುತ್ತುತ್ತೇನೆ ಅನ್ನುವವರಿಗೆ ಕೆಲಸ ಕೊಡಬೇಡಿ.

ಹಂತ 4: ಪಟ್ಟಿ

ಸಾದಾ ಫೈಬರ್‌ಗ್ಲಾಸ್ ಪಟ್ಟಿ ಸುಮಾರು 650 ಡಿಗ್ರಿವರೆಗೆ. 'ಟೈಟಾನಿಯಂ' ಅಂತ ಮಾರುವ ಪಟ್ಟಿಯಲ್ಲಿ ಟೈಟಾನಿಯಂ ಇರುವುದಿಲ್ಲ. ಜ್ವಾಲಾಮುಖಿಯ ಕಲ್ಲು ಪುಡಿ ಮಾಡಿ, ಕರಗಿಸಿ, ಎಳೆ ತೆಗೆದು ನೇಯ್ದದ್ದು. ಬೆಲೆ ಜಾಸ್ತಿ, ಆದರೆ ಗಟ್ಟಿ, ಪುಡಿ ಉದುರುವುದು ಕಡಿಮೆ. ನಾನು ಅದನ್ನೇ ಕೊಳ್ಳುತ್ತೇನೆ. ಚಿನ್ನದ ಬಣ್ಣದ ಅಂಟು ಟೇಪನ್ನು ಎಕ್ಸಾಸ್ಟ್‌ಗೆ ಅಂಟಿಸಿದ್ದನ್ನೂ ಕಂಡಿದ್ದೇನೆ. ಅದು ಇನ್‌ಟೇಕ್ ಪೈಪಿಗೆ, ದೂರದ ಝಳ ತಡೆಯಲು ಮಾತ್ರ.

ಎಷ್ಟು ಉದ್ದ ಬೇಕು? 42 ಮಿ.ಮೀ. ದಪ್ಪದ ಪೈಪಿನ ಒಂದು ಮೀಟರಿಗೆ ಎರಡು ಇಂಚಿನ ಪಟ್ಟಿ ಮೂರೂಕಾಲು ಮೀಟರ್ ಹಿಡಿಯುತ್ತದೆ. ಒಂದು ಇಂಚಿನದಾದರೆ ಏಳು ಮೀಟರ್ ದಾಟುತ್ತದೆ. ನೇರ ಡೌನ್‌ಪೈಪಿಗೆ (ಹೆಡರ್ ಅಥವಾ ಟರ್ಬೊದಿಂದ ಕೆಳಗಿಳಿಯುವ ಪೈಪು) ಎರಡು ಇಂಚು, ತಿರುವು ಜಾಸ್ತಿ ಇರುವ ಹೆಡರ್‌ಗೆ ಒಂದು ಇಂಚು ತೆಗೆದುಕೊಳ್ಳಿ.

ಫೈಬರ್‌ಗ್ಲಾಸ್ ಪಟ್ಟಿಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಹಿಂಡಿ, ಒದ್ದೆ ಇರುವಾಗಲೇ ಸುತ್ತಿ. ಪುಡಿ ಏಳುವುದಿಲ್ಲ, ಮೆತ್ತಗಾಗಿ ಚೆನ್ನಾಗಿ ಕೂರುತ್ತದೆ. ಕಲ್ಲಿನ ಪಟ್ಟಿಗೆ ನೆನೆಸುವ ಅಗತ್ಯವಿಲ್ಲ. ತುಂಬು ತೋಳಿನ ಅಂಗಿ, ಗ್ಲೌಸ್, ಕನ್ನಡಕ, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಆ ಎಳೆ ಚರ್ಮಕ್ಕೆ ಹೊಕ್ಕರೆ ರಾತ್ರಿಯೆಲ್ಲ ತುರಿಕೆ. ಆ ಬಟ್ಟೆಗಳನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ.

ಹಂತ 5: ಸುತ್ತುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ನೆಟ್ಟಗೆ ಇಳಿಯುವ ಪೈಪಾದರೆ ಕೆಳಗಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮಂಗಳೂರು ಹೆಂಚು ಹೊದಿಸುವುದು ಹೇಗೆ? ಸೂರಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ, ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರುವ ಹಾಗೆ, ಅಲ್ವಾ? ಇದೂ ಹಾಗೇ. ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಿದರೆ ನೀರು, ಮಣ್ಣು ಜಾರಿ ಹೋಗುತ್ತವೆ. ತಿರುಗುಮುರುಗಾದರೆ ಪ್ರತಿ ಸುತ್ತೂ ನೀರು ಹಿಡಿಯುವ ಜೇಬಾಗುತ್ತದೆ. ಕಾರಿನ ಅಡಿ ಮಲಗಿರುವ ಪೈಪಾದರೆ ಹಿಂದಿನಿಂದ ಮುಂದಕ್ಕೆ.

ಪ್ರತಿ ಪೈಪಿಗೆ ಬೇಕಾದಷ್ಟು ಪಟ್ಟಿ, ಮೇಲೊಂದು ಗೇಣು ಸೇರಿಸಿ ಮೊದಲೇ ಕತ್ತರಿಸಿಕೊಳ್ಳಿ. ಇಡೀ ರೋಲನ್ನು ಪೈಪುಗಳ ಸಂದಿಯಲ್ಲಿ ತೂರಿಸುತ್ತಾ ಕೂತರೆ ಬಿಗಿ ಬರುವುದಿಲ್ಲ. ಬೋಲ್ಟ್‌ಗೆ ಸ್ಪ್ಯಾನರ್ ಹಿಡಿಯಲು ಫ್ಲ್ಯಾಂಜ್ (ಬೋಲ್ಟ್ ಕೂರುವ ಚಪ್ಪಟೆ ಅಂಚು) ಹತ್ತಿರ ಒಂದು ಇಂಚು ಬಿಡಿ. ಮೊದಲ ಎರಡು ಸುತ್ತು ಒಂದರ ಮೇಲೊಂದು ನೇರವಾಗಿ ಹಾಕಿ, ಸ್ಟೀಲ್ ಟೈ ಬಿಗಿದು, ಅಲ್ಲಿಂದ ಓರೆಯಾಗಿ ಸಾಗಿ.

ಪ್ರತಿ ಸುತ್ತು ಹಿಂದಿನದರ ಮೇಲೆ ಕಾಲು ಇಂಚು ಕೂರಬೇಕು. ಅರ್ಧ ಪಟ್ಟಿ ಮುಚ್ಚಿದರೆ ಇನ್ನೂ ಒಳ್ಳೆಯದು ಅಂತ ಸುಮ್ನೆ ಎರಡು ಪದರ ಮಾಡಬೇಡಿ. ಪದರ ದಪ್ಪವಾದ ಕಡೆ ಲೋಹ ಅತಿಯಾಗಿ ಕಾಯುತ್ತದೆ. ತಿರುವಿನಲ್ಲಿ ಈ ಕಾಲು ಇಂಚನ್ನು ಪೈಪಿನ ಹೊರಬೆನ್ನಿನ ಮೇಲೆ ಅಳೆಯಿರಿ. ಒಳಮಗ್ಗುಲಲ್ಲಿ ಪಟ್ಟಿ ತಾನಾಗಿ ಒತ್ತೊತ್ತಾಗುತ್ತದೆ, ಅದಕ್ಕೆ ಚಿಂತೆ ಬೇಡ. ಒಳಗಡೆ ಅಳೆದು ಸುತ್ತಿದವರ ಕೆಲಸದಲ್ಲಿ ಹೊರಬೆನ್ನು ಬಾಯಿ ತೆರೆದು ಲೋಹ ಇಣುಕುತ್ತದೆ.

ಎಡಗೈ ಹೆಬ್ಬೆರಳು ಹಿಂದಿನ ಸುತ್ತಿನ ಮೇಲೆ ಒತ್ತಿರಲಿ, ಬಲಗೈ ಎಳೆಯುತ್ತಿರಲಿ. ಎಳೆತ ಒಂದು ಕ್ಷಣವೂ ಸಡಿಲವಾಗಬಾರದು. ನಾಲ್ಕು ಸುತ್ತಿಗೊಮ್ಮೆ ಪಟ್ಟಿಯನ್ನು ಹೆಬ್ಬೆರಳಿನಿಂದ ಪೈಪಿನುದ್ದಕ್ಕೆ ತಳ್ಳಿ ನೋಡಿ. ಸ್ವಲ್ಪ ಸರಿದರೂ ಬಿಚ್ಚಿ ಮತ್ತೆ ಸುತ್ತಿ. ಕೈಯಲ್ಲಿ ಸರಿಯುವುದು ಎಂಜಿನ್ ನಡುಗಿದಾಗ ಜಾರುತ್ತದೆ. ನನ್ನ ಕಾರಿಗೆ ಹೊರಗೆ ಸುತ್ತಿಸಿದ್ದು ಎರಡನೇ ವಾರಕ್ಕೇ ಜಾರಿ ಜೋತುಬಿದ್ದಿತ್ತು. ಅಂದಿನಿಂದ ಈ ಪರೀಕ್ಷೆ ಮಾಡದೆ ಒಂದು ಪೈಪನ್ನೂ ಬಿಟ್ಟಿಲ್ಲ.

ಕೊನೆಗೆ ತುದಿಯನ್ನು ಒಳಕ್ಕೆ ಮಡಚಿ ಟೈ ಹಾಕಿ. 304 ದರ್ಜೆಯ ಸ್ಟೇನ್‌ಲೆಸ್ ಟೈ ಮಾತ್ರ. ಜಿಐ ತಂತಿ ಕಟ್ಟುವವರನ್ನು ತಡೆಯಿರಿ. ಅದರ ಮೇಲಿನ ಸತು 420 ಡಿಗ್ರಿಗೇ ಕರಗುತ್ತದೆ, ಅದರ ಹೊಗೆ ಮೈಗೆ ಕೆಟ್ಟದ್ದು. ಟೈ ಬಾಲವನ್ನು ಕತ್ತರಿಸಿ, ಮೊನೆ ಯಾವ ವೈರಿಗೂ ತಾಗದ ಹಾಗೆ ಮಡಚಿ.

ಹಂತ 6: ಮೊದಲ ಬಿಸಿ

ಬಯಲಿನಲ್ಲಿ ನಿಲ್ಲಿಸಿ, ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಹತ್ತು ನಿಮಿಷ ಸ್ಟಾರ್ಟ್‌ನಲ್ಲಿ ಬಿಡಿ. ಹೊಗೆ, ಕಮಟು ವಾಸನೆ ಬರುತ್ತದೆ. ಗಾಬರಿ ಬೇಡ, ಎಳೆಗಳ ಅಂಟು ಸುಡುತ್ತಿರುತ್ತದೆ. ಪೂರ್ತಿ ಆರಲು ಬಿಟ್ಟು ಇನ್ನೊಮ್ಮೆ ಮಾಡಿ. ಮೂರ್ನಾಲ್ಕು ಸಲ ಕಾದು ಆರಿದ ಮೇಲೂ ಹೊಗೆ ನಿಲ್ಲದಿದ್ದರೆ ಆಯಿಲ್ ಎಲ್ಲಿಂದ ಬೀಳುತ್ತಿದೆ ಹುಡುಕಿ.

ವಾಟರ್ ಸರ್ವಿಸ್‌ಗೆ ಕೊಟ್ಟಾಗ ಪ್ರೆಶರ್ ನೀರನ್ನು ರ‍್ಯಾಪ್ ಮೇಲೆ ಬಿಡಬೇಡಿ ಅಂತ ಹುಡುಗರಿಗೆ ಮೊದಲೇ ಹೇಳಿ. ಮಳೆಯಲ್ಲಿ ನೆನೆದು ಬಂದರೆ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ಒಣಗಿಸಿ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಕೆಳತುದಿಯ ಟೈ ಬಿಚ್ಚಿ ನಾಲ್ಕು ಸುತ್ತು ತೆಗೆದು ಪೈಪನ್ನು ಬೆರಳಿನಿಂದ ಸವರಿ ನೋಡಿ. ಕೆಂಪು ಪುಡಿ ಕೈಗೆ ಬಂದರೆ ಪೂರ್ತಿ ಬಿಚ್ಚಿಹಾಕಿ, ಪೈಪನ್ನು ಕೋಟಿಂಗ್‌ಗೆ ಕೊಡಿ.