ಬಗ್ ಅಪ್‌ಸ್ಟ್ರೀಮ್‌ನದಾದರೆ ಪ್ಯಾಕೇಜರ್ ಮಾಡಬೇಕಾದದ್ದು

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಪ್ಯಾಕೇಜ್ ನೋಡಿಕೊಳ್ಳುವವರಿಗೆ ಬರುವ ಬಗ್ ವರದಿಗಳಲ್ಲಿ ಬಹಳಷ್ಟು ಅವರು ಬರೆಯದ ಕೋಡಿಗೆ, ಅಂದರೆ ಪ್ರೋಗ್ರಾಂ ಬರೆದ ಮೂಲ ಯೋಜನೆಯಾದ ‘ಅಪ್‌ಸ್ಟ್ರೀಮ್’ಗೆ ಸೇರಿದವು. ‘ಇದು ನಮ್ಮದಲ್ಲ, ಅಪ್‌ಸ್ಟ್ರೀಮ್‌ನವರಿಗೆ ಹೇಳಿ’ ಎಂದು ಬರೆದು ವರದಿ ಮುಚ್ಚಬೇಡಿ. ಬಳಕೆದಾರರ ಕೈಗೆ ಪ್ರೋಗ್ರಾಂ ಕೊಟ್ಟವರು ನೀವು. ವರದಿಯನ್ನು ಅಲ್ಲಿಗೆ ಮುಟ್ಟಿಸುವುದು, ಉತ್ತರವನ್ನು ಇಲ್ಲಿಗೆ ತರುವುದು ಎರಡೂ ನಿಮ್ಮ ಕೆಲಸ.

ಮೊದಲು ಬಗ್ ಯಾರದ್ದೆಂದು ಖಚಿತಪಡಿಸಿಕೊಳ್ಳಿ. ಡೆಬಿಯನ್‌ನ ಅಭಿವೃದ್ಧಿ ಶಾಖೆಯಾದ ಅನ್‌ಸ್ಟೇಬಲ್‌ನ ಶುದ್ಧ ಕ್ರೂಟ್‌ನಲ್ಲಿ (ಉಳಿದ ವ್ಯವಸ್ಥೆಯಿಂದ ಬೇರ್ಪಟ್ಟ ಪರಿಸರದಲ್ಲಿ) ಅದನ್ನು ಮರುಕಳಿಸಿ ನೋಡಿ. ಆಮೇಲೆ ಅದೇ ಆವೃತ್ತಿಯನ್ನು ಡೆಬಿಯನ್ ಪ್ಯಾಚ್‌ಗಳಿಲ್ಲದೆ (ಡೆಬಿಯನ್ ಸೇರಿಸಿದ ಕೋಡ್ ಬದಲಾವಣೆಗಳಿಲ್ಲದೆ) ಬಿಲ್ಡ್ ಮಾಡಿ. ತೊಂದರೆ ಮಾಯವಾದರೆ ತಪ್ಪು ನಮ್ಮ ಪ್ಯಾಚ್‌ನದು. ಈ ಹಂತವನ್ನು ಬಿಡುವಂತಿಲ್ಲ: 2006ರಲ್ಲಿ ಗೂಢಲಿಪೀಕರಣದ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ಗೆ ಡೆಬಿಯನ್ ಹಾಕಿದ ಪ್ಯಾಚ್ ಯಾದೃಚ್ಛಿಕ ಸಂಖ್ಯೆಗಳ ಬೇರನ್ನೇ ಕಿತ್ತಿತ್ತು, 2008ರ ಮೇ ತಿಂಗಳಲ್ಲಿ ಅದು ಬಯಲಾಗುವವರೆಗೆ ಅದರಿಂದ ತಯಾರಾದ ಗೂಢಲಿಪಿ ಕೀಲಿಗಳನ್ನು ಊಹಿಸಬಹುದಾಗಿತ್ತು. ಕೊನೆಗೆ ಅಪ್‌ಸ್ಟ್ರೀಮ್‌ನ ಹೊಚ್ಚಹೊಸ ಆವೃತ್ತಿಯಲ್ಲೂ ಪರೀಕ್ಷಿಸಿ. ಹಳೆಯ ಆವೃತ್ತಿಯ ಬಗ್ ಹಿಡಿದುಕೊಂಡು ಹೋದರೆ ಅಲ್ಲಿ ಯಾರೂ ಓದುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ.

ಯಾವ ಅಪ್‌ಸ್ಟ್ರೀಮ್ ಎಂಬುದೂ ಕೆಲವೊಮ್ಮೆ ತೊಡಕಿನ ಪ್ರಶ್ನೆ. ಲಿಬ್ರೆಆಫೀಸ್‌ನಲ್ಲಿ ‘ರ‍್ಯಾಂಕ್’ ಎಂದು ಬರೆದರೆ ಅರ್ಕಾವೊತ್ತಿನ ‘ರ್ಯಾಂಕ್’ ಕಾಣುತ್ತದೆ ಎಂಬ ವರದಿ ಬಂತೆನ್ನಿ. ಮೊದಲು ಪಠ್ಯದ ಬೈಟ್‌ಗಳನ್ನೇ ನೋಡಿ: ರ, ಜೀರೋ ವಿಡ್ತ್ ಜಾಯ್ನರ್ (ಕಣ್ಣಿಗೆ ಕಾಣದ ಜೋಡಣೆಯ ಅಕ್ಷರ), ಹಲಂತ, ಯ, ಇದೇ ಅನುಕ್ರಮ ಇರಬೇಕು. ಜಾಯ್ನರ್ ಬಿಟ್ಟುಹೋಗಿದ್ದರೆ ಅದು ಕೀಲಿಮಣೆಯ ಸಮಸ್ಯೆ. ಅನುಕ್ರಮ ಸರಿಯಿದ್ದರೆ ಅದೇ ಪದವನ್ನು ಅದೇ ಫಾಂಟ್‌ನಲ್ಲಿ ಹಾರ್ಫ್‌ಬಜ್ (ಅಕ್ಷರಗಳನ್ನು ಜೋಡಿಸಿ ರೂಪ ಕೊಡುವ ಲೈಬ್ರರಿ) ಯೋಜನೆಯ ಎಚ್‌ಬಿ-ವ್ಯೂನಿಂದ ಚಿತ್ರಿಸಿ. ಅಲ್ಲಿ ಸರಿ ಬಂದರೆ ಲಿಬ್ರೆಆಫೀಸ್ ಕಡೆ ಹುಡುಕಿ. ಅಲ್ಲೂ ಕೆಟ್ಟರೆ ನೋಟೋ ಸಾನ್ಸ್ ಕನ್ನಡದಲ್ಲಿ ನೋಡಿ: ಅದರಲ್ಲಿ ಸರಿಯಿದ್ದರೆ ಅನುಮಾನ ಮೊದಲ ಫಾಂಟ್ ಮೇಲೆ, ಎರಡರಲ್ಲೂ ಕೆಟ್ಟರೆ ಹಾರ್ಫ್‌ಬಜ್ ಮೇಲೆ. ಕನ್ನಡ ಓದಲು ಬಾರದ ಡೆವಲಪರ್‌ಗೆ ಸರಿಯಾದ ರೂಪ, ತಪ್ಪು ರೂಪ ಎರಡರ ಚಿತ್ರವನ್ನೂ ಕೊಡಿ. ಇಲ್ಲದಿದ್ದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಅಪ್‌ಸ್ಟ್ರೀಮ್ ಟ್ರ್ಯಾಕರ್‌ನಲ್ಲಿ ಈಗಾಗಲೇ ಆ ವರದಿ ಇದೆಯೇ ಎಂದು ಹುಡುಕಿ, ಮುಚ್ಚಿದವುಗಳಲ್ಲೂ. ಇಲ್ಲದಿದ್ದರೆ ಹೊಸದಾಗಿ ಬರೆಯಿರಿ: ಅಪ್‌ಸ್ಟ್ರೀಮ್ ಆವೃತ್ತಿ, ಸಂಬಂಧಪಟ್ಟ ಲೈಬ್ರರಿಗಳ ಆವೃತ್ತಿ, ಮರುಕಳಿಸುವ ಅತಿ ಚಿಕ್ಕ ಕ್ರಮ, ಪ್ಯಾಚ್‌ಗಳಿಲ್ಲದೆ ಪರೀಕ್ಷಿಸಿದ್ದೀರಿ ಎಂಬ ಒಂದು ಸಾಲು. ಡೆಬಿಯನ್ ವರದಿಯನ್ನು ಹಾಗೇ ಅಂಟಿಸಬೇಡಿ. ವರದಿ ಮಾಡಿದವರ ಖಾಸಗಿ ಕಡತ ಬೇಕಾದರೆ ಮೊದಲು ಅವರನ್ನು ಕೇಳಿ.

ಆಮೇಲೆ ಡೆಬಿಯನ್ ಬಗ್‌ಗೆ ‘ಅಪ್‌ಸ್ಟ್ರೀಮ್’ ಟ್ಯಾಗ್ ಹಾಕಿ, ‘ಫಾರ್ವರ್ಡೆಡ್’ ಜಾಗದಲ್ಲಿ ಆ ಇಶ್ಯೂವಿನ ನೇರ ಕೊಂಡಿ ಕೊಡಿ. ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜ್‌ನಲ್ಲಿರುವ ಬಿಟಿಎಸ್ (ಡೆಬಿಯನ್ ಬಗ್ ವ್ಯವಸ್ಥೆಯ) ಆಜ್ಞೆಯಿಂದ ಎರಡೂ ಆಗುತ್ತವೆ. ಯೋಜನೆಯ ಮುಖಪುಟದ ಕೊಂಡಿ ಕೊಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಬಿಟಿಎಸ್-ಲಿಂಕ್ ಎಂಬ ಸ್ವಯಂಚಾಲಿತ ಸೇವೆ ಇಶ್ಯೂವಿನ ಕೊಂಡಿಯ ಜಾಡು ಹಿಡಿದೇ ಅಲ್ಲಿ ಸರಿಯಾದಾಗ ‘ಫಿಕ್ಸ್ಡ್-ಅಪ್‌ಸ್ಟ್ರೀಮ್’ ಟ್ಯಾಗ್ ಹಾಕುತ್ತದೆ. ವರದಿ ಮಾಡಿದವರಿಗೂ ಆ ಕೊಂಡಿ ಕಳಿಸಿ. ಅವರಿಂದ ಮಾಹಿತಿ ಬೇಕಿದ್ದರೆ ‘ಮೋರ್‌ಇನ್ಫೋ’ ಟ್ಯಾಗ್ ಹಾಕಿ, ಉತ್ತರ ಬಂದ ಕೂಡಲೇ ತೆಗೆಯಿರಿ. ಉತ್ತರ ಕೊಟ್ಟ ಮೇಲೂ ಆ ಟ್ಯಾಗ್ ಉಳಿದರೆ ಅವರಿಗೆ ಅವಮಾನವಾದಂತೆ.

ಅಪ್‌ಸ್ಟ್ರೀಮ್ ಪರಿಹಾರವನ್ನು ಈಗಲೇ ತರುವುದಾದರೆ ಪ್ಯಾಚ್‌ನ ತಲೆಬರಹವನ್ನು ಡಿಇಪಿ-3 (ಪ್ಯಾಚ್‌ನ ವಿವರ ಬರೆಯುವ ಡೆಬಿಯನ್ ಮಾರ್ಗಸೂಚಿ) ಪ್ರಕಾರ ಬರೆಯಿರಿ: ವಿವರಣೆ, ಮೂಲ, ಎರಡೂ ಕಡೆಯ ಬಗ್ ಕೊಂಡಿ. ಅಪ್‌ಸ್ಟ್ರೀಮ್ ನಿರಾಕರಿಸಿದ ಪ್ಯಾಚ್‌ನ ಭಾರ ಹೊರುವ ಮುನ್ನ ಎರಡು ಸಲ ಯೋಚಿಸಿ, ಪ್ರತಿ ಹೊಸ ಬಿಡುಗಡೆಗೂ ಅದನ್ನು ನೀವೇ ಮತ್ತೆ ಹೊಂದಿಸಬೇಕು. ಅವರ ಗಿಟ್‌ನಲ್ಲಿ ಸರಿಯಾಯಿತೆಂದು ಡೆಬಿಯನ್ ಬಗ್ ಮುಚ್ಚಬೇಡಿ. ಪ್ಯಾಕೇಜ್‌ನ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) ‘ಕ್ಲೋಸಸ್’ ಸಾಲು ಬರೆದು ಅಪ್‌ಲೋಡ್ ಮಾಡಿದಾಗ ಅದು ತಾನಾಗಿಯೇ ಮುಚ್ಚುತ್ತದೆ. ಡೆಬಿಯನ್‌ನ ಸ್ಥಿರ ಬಿಡುಗಡೆಯಾದ ಸ್ಟೇಬಲ್‌ಗೆ ಪ್ಯಾಕೇಜ್‌ನ ಹೊಸ ಆವೃತ್ತಿ ಬೇಡ, ಆ ಪರಿಹಾರವಷ್ಟನ್ನೇ ಹಿಂದಕ್ಕೆ ಹೊಂದಿಸಿ ಬಿಡುಗಡೆ ತಂಡದ ಒಪ್ಪಿಗೆ ಪಡೆಯಿರಿ.

ಭದ್ರತೆಗೆ ಸಂಬಂಧಿಸಿದ ಬಗ್‌ಗಳಿಗೆ ದಾರಿ ಬೇರೆ. ಡೆಬಿಯನ್ ಬಗ್ ವ್ಯವಸ್ಥೆಯಲ್ಲಿ ಎಲ್ಲವೂ ಬಹಿರಂಗ. ಇನ್ನೂ ಗುಟ್ಟಾಗಿರುವ ದೋಷವನ್ನು ಭದ್ರತಾ ತಂಡಕ್ಕೆ ನೇರವಾಗಿ ತಿಳಿಸಿ.

ಅಪ್‌ಸ್ಟ್ರೀಮ್ ಸದ್ದಿಲ್ಲದೆ ನಿಂತುಹೋಗಿದ್ದರೆ, ಗಂಭೀರ ಬಗ್ ಸರಿಪಡಿಸುವಷ್ಟು ಕೋಡ್ ನಿಮಗೆ ಗೊತ್ತೇ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಗೊತ್ತಿಲ್ಲದಿದ್ದರೆ ಸಹಾಯ ಕೇಳಿ. ಅದೂ ಸಿಗದಿದ್ದರೆ ಡೆಬಿಯನ್ ಪ್ಯಾಕೇಜ್ ಭಂಡಾರ ನೋಡಿಕೊಳ್ಳುವ ಎಫ್‌ಟಿಪಿ ತಂಡಕ್ಕೆ ಪ್ಯಾಕೇಜ್ ತೆಗೆಯುವಂತೆ ಕೋರಿಕೆ ಸಲ್ಲಿಸಿ.