ಬಂಗಾರದ ಗುಡ್ಡದಲ್ಲಿ ಮಕ್ಕಳ ಜೊತೆ ನಡಿಗೆ

ಕಪ್ಪತಗುಡ್ಡಕ್ಕೆ ಹೋಗಿ ಬಂದೆವು ಎಂದರೆ ಗದಗಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಬಂಗಾರ ಸಿಕ್ಕಿತೇನು?’ ಚೇಷ್ಟೆಯ ಮಾತಾದರೂ ಅದಕ್ಕೆ ಆಧಾರವಿದೆ. ಗುಡ್ಡದಿಂದ ಇಳಿಯುವ ಡೋಣಿ, ಸೊರಟೂರು ಹಳ್ಳಗಳ ಮರಳನ್ನು ತೊಳೆದು ಬಂಗಾರದ ಕಣ ತೆಗೆಯುತ್ತಿದ್ದ ಜಾಲಗಾರರು ಈ ಸೀಮೆಯಲ್ಲಿ ಬಹಳ ಹಿಂದಿನಿಂದ ಇದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿಯೇ ಡಂಬಳದ ಗುಡ್ಡಗಳ ಬಂಗಾರದ ಕುರಿತು ಬರೆದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಬಂದು ಕಬುಲಾಯತಕಟ್ಟಿ, ಹೊಸೂರು ಸುತ್ತ ಗಣಿ ತೋಡಿದವು. ಕೋಲಾರದಂಥ ಫಸಲು ಇಲ್ಲಿ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿದವು.

ಮಗನಿಗೆ ಹತ್ತು ವರ್ಷ, ಮಗಳಿಗೆ ಆರು. ಜೊತೆಗೆ ಮೊಣಕಾಲು ನೋವಿನ ಅವ್ವ. ಈ ಮೂವರ ಹೆಜ್ಜೆಗೆ ಹೊಂದುವ ನಡಿಗೆ ಎಂದರೆ ಎತ್ತರ ಏರುವುದಲ್ಲ, ದೂರ ಕ್ರಮಿಸುವುದೂ ಅಲ್ಲ. ಗದಗ–ಮುಂಡರಗಿ ರಸ್ತೆಯಲ್ಲಿ ಡಂಬಳ ದಾಟಿ ಡೋಣಿಯ ಕಡೆ ತಿರುಗಿದರೆ ಗುಡ್ಡದ ಬುಡ ಸಿಗುತ್ತದೆ. ಅಲ್ಲಿಂದ ಕಪ್ಪತ ಮಲ್ಲೇಶ್ವರ ಗುಡಿಯ ಕಡೆಗಿನ ದಾರಿಯಲ್ಲಿ ಗಾಡಿ ನಿಲ್ಲಿಸಿ, ಬೇಕಾದಷ್ಟು ನಡೆದು, ಬೇಡವಾದಾಗ ಹಿಂತಿರುಗುತ್ತೇವೆ. ತುದಿ ಮುಟ್ಟಲೇಬೇಕೆಂಬ ಹಟವನ್ನು ನಾನು ಮನೆಯಲ್ಲಿಯೇ ಬಿಟ್ಟು ಬರುತ್ತೇನೆ. ಹಟಕ್ಕೆ ಮಗಳೊಬ್ಬಳೇ ಸಾಕು.

ಒಂದು ಕಟ್ಟುನಿಟ್ಟು ಮಾತ್ರ ಇದೆ: ಹಳೆಯ ಗಣಿಯ ಬಾವಿಯಾಗಲಿ, ಗುಹೆಯಂತೆ ಕಾಣುವ ಬಾಯಿಯಾಗಲಿ, ಅದರ ಹತ್ತಿರಕ್ಕೂ ಹೋಗುವುದಿಲ್ಲ. ನೂರು ವರ್ಷ ದಾಟಿದ ತಗ್ಗಿನ ಅಂಚು ಮುಳ್ಳುಕಂಟಿಯಲ್ಲಿ ಮುಚ್ಚಿರುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ಇದನ್ನು ನಾನು ಹೇಳಿದಾಗ ಮಗನ ಕಿವಿಗೆ ಹೋಗಿರಲಿಲ್ಲ. ಅವನಿಗೆ ತಿಳಿಸಿದವಳು ಅವ್ವ. ‘ನಮ್ಮ ಊರಿನಲ್ಲಿ ಜೋಳ ತುಂಬುವ ಹಗೇವು ಇತ್ತಲ್ಲ, ಅದರ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲಪ್ಪ. ಮೊದಲು ದೀಪ ಇಳಿಸಿ ನೋಡುವುದು. ದೀಪ ಆರಿತೆಂದರೆ ಒಳಗೆ ಉಸಿರಿಲ್ಲ ಎಂದು ತಿಳಿಯಬೇಕು.’ ಮುಚ್ಚಿಕೊಂಡ ಗಣಿಯೂ ಅಂಥದ್ದೇ. ಅಂದಿನಿಂದ ತಗ್ಗು ಕಂಡಲ್ಲಿ ತಂಗಿಯ ಕೈ ಹಿಡಿದು ಎಳೆಯುವವನು ಅವನೇ.

ಗಣಿಯ ಪಕ್ಕದಲ್ಲಿ ಸುರಿದ ಕಲ್ಲುಪುಡಿಯ ದಿಬ್ಬಗಳಿಂದಲೂ ದೂರವಿರುತ್ತೇವೆ. ಗದಗ ಸೀಮೆಯ ಬಂಗಾರ ಒಂಟಿಯಾಗಿ ಇರುವುದಿಲ್ಲ. ಗಂಧಕ, ಆರ್ಸೆನಿಕ್ ಬೆರೆತ ಖನಿಜಗಳ ಜೊತೆ ಇರುತ್ತದೆ. ಪುಡಿ ಮಾಡಿದ ಅದಿರಿನಿಂದ ಚಿನ್ನ ಬಿಡಿಸಲು ಆ ಕಾಲದಲ್ಲಿ ಪಾದರಸ, ಸಯನೈಡ್ ಬಳಸುವ ಪದ್ಧತಿ ಇತ್ತು. ಮಕ್ಕಳು ಮರಳಿನ ಗುಡ್ಡೆ ಕಂಡರೆ ಮನೆ ಕಟ್ಟುವವರು. ಆದ್ದರಿಂದ ಮಣ್ಣಾಟವೆಲ್ಲ ಮನೆಯಂಗಳದಲ್ಲಿ, ಬುತ್ತಿ ಬಿಚ್ಚುವ ಮೊದಲು ಸಾಬೂನಿನಿಂದ ಕೈತೊಳೆಯುವುದು. ಇದಕ್ಕೆಂದೇ ಕುಡಿಯುವ ನೀರಿನ ಹೊರತಾಗಿ ಒಂದು ಕ್ಯಾನ್ ನೀರು ಗಾಡಿಯಲ್ಲಿರುತ್ತದೆ.

ಹಾಗಾದರೆ ನೋಡುವುದೇನು? ಕಲ್ಲು. ದಾರಿಯ ಬದಿಯ ಕಡಿತದಲ್ಲಿ ಹಸಿರು-ಬೂದು ಬಣ್ಣದ ಪದರುಕಲ್ಲು ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿರುತ್ತದೆ. ಅದರ ನಡುವೆ ಎಲ್ಲೋ ಬೆರಳಗಲದ ಬಿಳಿ ಪಟ್ಟಿ ಓಡಿರುತ್ತದೆ, ಅದು ಬೆಣಚುಕಲ್ಲು. ಬಂಗಾರ ಹುಡುಕುವವರು ಬೆನ್ನಟ್ಟಿದ್ದು ಇದನ್ನೇ. ನೆಲದಾಳದ ಬಿಸಿನೀರು ಕಲ್ಲಿನ ಬಿರುಕುಗಳಲ್ಲಿ ಹರಿದು, ತಣಿದು, ತಾನು ಹೊತ್ತು ತಂದದ್ದನ್ನು ಅಲ್ಲಿಯೇ ಬಿಟ್ಟು ಹೋದ ಗುರುತು ಅದು. ಎಲ್ಲ ಬೆಣಚಿನಲ್ಲಿಯೂ ಬಂಗಾರ ಇರುವುದಿಲ್ಲ. ಇದ್ದರೂ ಬಹುಪಾಲು ಕಣ್ಣಿಗೆ ಕಾಣದಷ್ಟು ಸಣ್ಣದು.

ಹಳದಿಯಾಗಿ ಮಿನುಗುವ ಚುಕ್ಕೆ ಕಂಡಾಗ ಮಕ್ಕಳ ಮುಖ ನೋಡಬೇಕು. ಆಗ ಕಿಸೆಯಿಂದ ಒಂದು ಬಿಳಿ ಟೈಲ್ಸ್ ಚೂರು ತೆಗೆಯುತ್ತೇನೆ. ಅದರ ಹಿಂಬದಿಯ ಒರಟು ಮೈಗೆ ಆ ಕಲ್ಲನ್ನು ತಿಕ್ಕಿದರೆ ಬಂಗಾರವಾದರೆ ಹಳದಿ ಗೆರೆ, ಬಂಗಾರದಂತೆಯೇ ಹೊಳೆಯುವ ಪೈರೈಟ್, ಅಂದರೆ ಗಂಧಕ ಬೆರೆತ ಕಬ್ಬಿಣದ ಖನಿಜವಾದರೆ ಹಸಿರು ಛಾಯೆಯ ಕಪ್ಪು ಗೆರೆ. ನಮಗೆ ಬಂದದ್ದೆಲ್ಲ ಕಪ್ಪೇ. ಅಭ್ರಕದ ಹೊಳಪಾದರೆ ಉಗುರಿನಿಂದ ಎಬ್ಬಿಸಿದರೂ ತೆಳ್ಳಗೆ ಏಳುತ್ತದೆ. ತಿಕ್ಕಿ ನೋಡಿದ ಕಲ್ಲನ್ನು ಇದ್ದಲ್ಲಿಯೇ ಇಡುತ್ತೇವೆ. ಇದು 2019ರಿಂದ ವನ್ಯಜೀವಿಧಾಮ, ಒಯ್ಯುವಂತಿಲ್ಲ.

ಜಾಲಗಾರರ ಕೆಲಸವನ್ನು ಮನೆಯ ಹಿತ್ತಲಿನಲ್ಲಿ ಆಡಿದೆವು. ಬೋಗುಣಿಯಲ್ಲಿ ಮನೆ ಕಟ್ಟುವ ಮರಳು ಹಾಕಿ, ನೀರು ತುಂಬಿ, ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸುತ್ತ ಹೋದರೆ ಹಗುರವಾದದ್ದು ನೀರಿನೊಂದಿಗೆ ಹೊರಗೆ ಜಾರುತ್ತದೆ. ಕೊನೆಗೆ ತಳದಲ್ಲಿ ಹುಬ್ಬಿನಂತೆ ಒಂದು ಕರಿಗೆರೆ ನಿಲ್ಲುತ್ತದೆ. ಮಗಳು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹತ್ತಿರ ತಂದಾಗ ಆ ಕರಿಯ ಪುಡಿಯ ಬಹುಭಾಗ ಎದ್ದು ಅಂಟಿಕೊಂಡಿತು. ಹಳ್ಳದ ಮರಳಿನಲ್ಲಿ ಬಂಗಾರ ಉಳಿಯುತ್ತಿದ್ದದ್ದು ಇಂಥ ಕಬ್ಬಿಣದ ಮರಳಿನ ಜೊತೆಗೇ. ಅರ್ಧ ಗಂಟೆ ಕುಕ್ಕರಗಾಲಿನಲ್ಲಿ ಕುಳಿತ ಮಗ, ‘ಇಷ್ಟು ಮಾಡಿದರೆ ಅವರಿಗೆ ದಿನಕ್ಕೆ ಎಷ್ಟು ಸಿಗುತ್ತಿತ್ತು?’ ಎಂದ. ಸೊಂಟ ಹಿಡಿದುಕೊಂಡು ಕೇಳಿದ್ದರಿಂದ ಉತ್ತರ ಅವನಿಗೇ ಅರ್ಧ ಗೊತ್ತಿತ್ತು.

ಹೋಗುವ ಮೊದಲು ಅರಣ್ಯ ಇಲಾಖೆಯವರಲ್ಲಿ ಯಾವ ದಾರಿಗೆ ಅನುಮತಿ ಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಚಿರತೆ, ತೋಳ, ಕತ್ತೆಕಿರುಬ ಇರುವ ಕಾಡು ಇದು. ನಾವು ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಹೊರಟು, ಸಂಜೆಗೆ ಬಹಳ ಮುಂಚೆ ಇಳಿಯುತ್ತೇವೆ. ಮಕ್ಕಳು ನಮ್ಮ ನಡುವೆ ನಡೆಯುತ್ತಾರೆ, ಮುಂದೆ ಓಡುವುದಿಲ್ಲ. ಮಳೆಗಾಲ ಮುಗಿಯುತ್ತ ಬರುವಾಗ ಗುಡ್ಡ ಹಸಿರಾಗಿರುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವ ಭಯ. ಆಗ ಆ ಕಡೆ ತಲೆ ಹಾಕುವುದಿಲ್ಲ. ಗಾಳಿಯಂತೂ ಯಾವ ಕಾಲಕ್ಕೂ ಬಿಡುವುದಿಲ್ಲ, ಸಾಲು ಸಾಲು ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಟೋಪಿಗೆ ದಾರ ಕಟ್ಟಿರಬೇಕು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಸೌತೆಕಾಯಿ. ಕುರುಕಲು ತಿಂಡಿಯ ಪೊಟ್ಟಣಗಳನ್ನು ಒಯ್ಯುವುದಿಲ್ಲ, ಗಾಳಿಗೆ ಒಂದು ಹಾರಿತೆಂದರೆ ಹಿಡಿಯಲಾಗದು.

ಈ ದಾರಿ ಮಕ್ಕಳ ಕಾಲಿಗೆ ಉಳಿದಿರುವುದೂ ಸುಮ್ಮನೆ ಅಲ್ಲ. 2015ರಲ್ಲಿ ಗುಡ್ಡವನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಿದ ಸರ್ಕಾರ ಮರುವರ್ಷವೇ ಅದನ್ನು ಹಿಂತೆಗೆದುಕೊಂಡಿತ್ತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದ ಮೇಲೆ 2017ರಲ್ಲಿ ಆ ಸ್ಥಾನ ಮರಳಿ ಬಂತು. ಮಗನಿಗೆ ಇದನ್ನು ಗುಡ್ಡದ ಮೇಲೆ ಹೇಳುತ್ತೇನೆ, ಕೆಳಗೆ ಹೇಳಿದರೆ ಪಾಠವಾಗಿಬಿಡುತ್ತದೆ.

ಮರಳುವಾಗ ಡಂಬಳದಲ್ಲಿ ಇಳಿಯುವುದು ಅವ್ವನ ಪಾಲು. ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡಬಸಪ್ಪನ ಗುಡಿಯ ಗರ್ಭಗುಡಿ ನಕ್ಷತ್ರದ ಆಕಾರದ್ದು. ಹೊರಗೋಡೆಯ ಸುತ್ತ ಅಂಚು ಎಣಿಸಲು ಮಕ್ಕಳನ್ನು ಬಿಟ್ಟರೆ ಒಬ್ಬೊಬ್ಬರದು ಒಂದೊಂದು ಲೆಕ್ಕ, ಜಗಳ, ಮತ್ತೆ ಮೊದಲಿನಿಂದ ಎಣಿಕೆ. ಅಷ್ಟರಲ್ಲಿ ಅವ್ವ ಬಸವಣ್ಣನಿಗೆ ಕೈಮುಗಿದು, ನೆರಳಿನ ಕಟ್ಟೆ ಹಿಡಿದು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡಿರುತ್ತಾಳೆ.